ತುಂಬಿದ ಟ್ಯಾಂಕು

ನನ್ನ ಮೇಜಿನ ಮೇಲೆ, ಪೆನ್ನು ನಿಲ್ಲಿಸುವ ಲೋಟದ ಪಕ್ಕದಲ್ಲಿ, ಬೆರಳುದ್ದದ ಒಂದು ರಬ್ಬರ್ ಪೈಪು ಬಿದ್ದಿದೆ. ಮನೆಗೆ ಬಂದವರು ಅದನ್ನು ಎತ್ತಿ, ಮೂಸಿ, ಮುಖ ಸಿಂಡರಿಸಿ ಇದೇನು ಎಂದು ಕೇಳುತ್ತಾರೆ. ನನ್ನ ಸ್ಕೂಟರಿನ ಕರುಳು ಎನ್ನುತ್ತೇನೆ. ಸುಳ್ಳೇನಲ್ಲ. ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಹೋಗುವ ಪೈಪು ಅದು. ಒಂದು ಕಾಲಕ್ಕೆ ಗಟ್ಟಿಯಾಗಿ, ಕರ್ರಗೆ, ಮರ್ಯಾದೆಯಿಂದ ಇತ್ತು. ಈಗ ನೆನೆಸಿಟ್ಟ ಕಡಲೆಯ ಹಾಗೆ ಉಬ್ಬಿಕೊಂಡು, ಹಿಸುಕಿದರೆ ಹಿಸುಕಿದ ಹಾಗೆಯೇ ಉಳಿಯುತ್ತದೆ. ಬಿಸಾಡಬೇಕು ಅಂದುಕೊಳ್ಳುತ್ತೇನೆ, ಇನ್ನೂ ಬಿಸಾಡಿಲ್ಲ.

ಆದದ್ದಿಷ್ಟು. ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಹೋದ ವರ್ಷದ ಬೇಸಿಗೆ ರಜೆಗೆ ಅಕ್ಕನ ಊರಿಗೆ ಹೊರಡುವಾಗ ಸ್ಕೂಟರಿನ ಟ್ಯಾಂಕನ್ನು ಗಂಟಲಮಟ್ಟ ತುಂಬಿಸಿ, ಮೇಲೊಂದು ಹಳೆಯ ಸೀರೆ ಹೊದಿಸಿ, ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ ಹೋದೆ. ಶಾಲೆ ತೆರೆಯುವ ದಿನ ಸೀರೆ ಸರಿಸಿ ಗುಂಡಿ ಒತ್ತಿದೆ. ಒಮ್ಮೆ ಕೆಮ್ಮಿತು. ಕಿಕ್ ಹೊಡೆದೆ. ಇನ್ನೊಮ್ಮೆ ಕೆಮ್ಮಿ, ಗೋಡೆ ಕಡೆ ಹೊರಳಿ ಮಲಗಿದವರ ಹಾಗೆ ಸುಮ್ಮನಾಯಿತು. ಇಸ್ತ್ರಿ ಸೀರೆ ಉಟ್ಟುಕೊಂಡು ಅದನ್ನು ತಳ್ಳುತ್ತಾ ಹೊರಟೆ. ಇಡೀ ಓಣಿ ನಿಂತು ಸಲಹೆ ಕೊಟ್ಟಿತು. ಪ್ಲಗ್ಗು ಒರೆಸಬೇಕಂತೆ, ಚೋಕು ಎಳೆಯಬೇಕಂತೆ, ಒಂದು ಕಡೆ ವಾಲಿಸಿ ಅಲ್ಲಾಡಿಸಬೇಕಂತೆ. ತಳ್ಳಲು ಮಾತ್ರ ಯಾರೂ ಬರಲಿಲ್ಲ.

ಗಾಡಿ ರಿಪೇರಿಗೆ ನಮ್ಮ ಮಿಸ್ತ್ರಿ ಒಬ್ಬನಿದ್ದಾನೆ. ಮೊದಲೆಲ್ಲ ಅವನಿಗೆ ಪ್ರತಿ ಕಾಯಿಲೆಗೂ ಬೇರೆ ಬೇರೆ ಕಾರಣ ಇರುತ್ತಿತ್ತು. ಈಗ ಎಲ್ಲಕ್ಕೂ ಒಂದೇ. ಗಾಡಿ ನಿಂತರೆ ಹೊಸ ಪೆಟ್ರೋಲು. ಬ್ರೇಕು ಹಿಡಿಯದಿದ್ದರೆ ಹೊಸ ಪೆಟ್ರೋಲು. ಹೋದ ತಿಂಗಳು ಒಬ್ಬರ ಕನ್ನಡಿ ಒಡೆದದ್ದಕ್ಕೂ ಅವನು ಟ್ಯಾಂಕಿನ ಕಡೆಗೇ ಅನುಮಾನದಿಂದ ನೋಡಿದನಂತೆ. ಹೀಗಾಗಿ ಅವನು ನಿಜ ಹೇಳಿದ ದಿನವೂ ನಾನು ನಂಬಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ಅಂಗೈ ಮೇಲೆ ಇಟ್ಟು ತೋರಿಸಿದ ಮೇಲೆ ನಂಬಬೇಕಾಯಿತು. ಒಳಗೆ ಬೆಲ್ಲದ ಪಾಕ ತಳ ಹಿಡಿದ ಹಾಗೆ ಕಂದು ಅಂಟು, ಅದರ ಸುತ್ತ ಸುಣ್ಣದಂಥ ಬಿಳಿ ಪುಡಿ. ಟ್ಯಾಂಕ್ ತುಂಬಿಸಿ ನಿಲ್ಲಿಸಿದ್ದಿರಾ ಎಂದು ಕೇಳಿದ. ಗಂಟಲಮಟ್ಟ ಎಂದೆ, ಸ್ವಲ್ಪ ಜಂಬದಿಂದಲೇ. ಅವನು ಹಣೆ ಬಡಿದುಕೊಂಡ.

"ಅಕ್ಕೋರೆ, ಬಾಳ ದಿನ ನಿಂದ್ರಸೂದಿದ್ರ ಖಾಲಿ ಮಾಡಿ ನಿಂದ್ರಸ್ರಿ. ಇದು ಇಟ್ಟು ತಿನ್ನೂ ಉಪ್ಪಿನಕಾಯಿ ಅಲ್ಲ."

ಖಾಲಿ ಮಾಡಿ ಇಡುವುದು. ಇದನ್ನು ನಮ್ಮವ್ವ ಕೇಳಿದ್ದರೆ ಆ ಮಿಸ್ತ್ರಿಯ ಬಾಯಿಗೆ ಒಂದು ಹಿಡಿ ಸಕ್ಕರೆ ತುರುಕಿ ಆ ಮಾತನ್ನು ಅಲ್ಲಿಯೇ ಮುಚ್ಚಿಸುತ್ತಿದ್ದಳು.

ನಾವು ಹುಟ್ಟಿ ಬೆಳೆದದ್ದು ಮಾನ್ವಿಯಲ್ಲಿ. ಅಪ್ಪ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ. ಮನೆಯಲ್ಲಿ ಅವ್ವನ ರಾಜ್ಯ, ಆ ರಾಜ್ಯಕ್ಕೆ ಒಂದೇ ಕಾನೂನು. ಯಾವ ಪಾತ್ರೆಯೂ ಬರಿದಾಗಿ ಇರಕೂಡದು. ಮಲಗುವ ಮುನ್ನ ಕೊಡದಲ್ಲಿ ನೀರಿರಬೇಕು, ಹಿಟ್ಟಿನ ಡಬ್ಬಿಯ ತಳದಲ್ಲಿ ಒಂದು ಹಿಡಿ ಹಿಟ್ಟಿರಬೇಕು, ಉಪ್ಪಿನ ಭರಣಿ ಎಂದೂ ಸದ್ದು ಮಾಡಕೂಡದು. ಮುಗಿದು ಹೋದರೆ ಮುಗಿಯಿತು ಎನ್ನುವಂತೆಯೂ ಇರಲಿಲ್ಲ, ‘ಅಕ್ಕಿ ಹೆಚ್ಚಾಗ್ಯಾವ’ ಎನ್ನಬೇಕಿತ್ತು. ನೆರೆಮನೆಯಿಂದ ಬಟ್ಟಲಲ್ಲಿ ಪಲ್ಯ ಬಂದರೆ ಆ ಬಟ್ಟಲು ಹಾಗೆಯೇ ತಿರುಗಿ ಹೋಗುತ್ತಿರಲಿಲ್ಲ, ನಾಲ್ಕು ಕಾಳು ಸಕ್ಕರೆಯಾದರೂ ಅದರಲ್ಲಿ ಕೂತು ಹೋಗುತ್ತಿತ್ತು. ಅಕ್ಕ ಮತ್ತು ನಾನು ಅಕ್ಷರ ಕಲಿಯುವ ಮೊದಲೇ ಇದನ್ನು ಕಲಿತೆವು.

ಅಪ್ಪ ಒಂದು ಮೊಪೆಡ್ ತಂದಾಗ ಅವ್ವ ಅದನ್ನೂ ಪಾತ್ರೆಗಳ ಲೆಕ್ಕಕ್ಕೇ ಸೇರಿಸಿದಳು. ಅಮಾವಾಸ್ಯೆಗೆ ಅದರ ಟ್ಯಾಂಕು ತುಂಬಿರಬೇಕು. ಅಪ್ಪ ತುಂಬಿಸಿದ್ದೇನೆ ಎಂದರೆ ಆಕೆಗೆ ನಂಬಿಕೆಯಿಲ್ಲ. ಒಂದು ಸಂಜೆ ಕರೆಂಟು ಹೋದಾಗ, ಟ್ಯಾಂಕಿನ ಮುಚ್ಚಳ ತೆಗೆದು, ಒಳಗೆ ಎಷ್ಟಿದೆ ನೋಡಲು ಉರಿಯುವ ಚಿಮಣಿ ದೀಪ ಹಿಡಿದು ಬಗ್ಗಿದಳು. ಅಪ್ಪ ಉಣ್ಣುವ ತಾಟು ಬಿಟ್ಟು ಹಾರಿ ಬಂದು ಚಿಮಣಿ ಕಸಿದುಕೊಂಡ. ಮನೆಯ ಭಾಗ್ಯ ತುಂಬಿ ಇರಲಿ ಎಂದು ನೋಡಲು ಹೋದವಳು ಮನೆಯನ್ನೇ ಹಾರಿಸಿಬಿಡುತ್ತಿದ್ದಳು. ಆಕೆಗೆ ಅದರ ಪಶ್ಚಾತ್ತಾಪವೇನೂ ಆಗಲಿಲ್ಲ. ಟ್ಯಾಂಕು ಅರ್ಧ ಇತ್ತು, ಅದನ್ನೇ ಹಿಡಿದುಕೊಂಡು ಅಪ್ಪನನ್ನು ಬೈದಳು.

ಆದರೆ ಆ ಕಾಲದ ಪೆಟ್ರೋಲಿನ ಬಗ್ಗೆ ಒಂದು ಮಾತು ಹೇಳಬೇಕು. ಅಪ್ಪನ ಕಾಲು ಮುರಿದು ಮೊಪೆಡ್ ಮಳೆಗಾಲ ಪೂರ್ತಿ ಜಗುಲಿಯಲ್ಲೇ ನಿಂತಿತ್ತು. ಅಪ್ಪ ಕಾಲಿನ ಪಟ್ಟಿ ಬಿಚ್ಚಿಸಿಕೊಂಡು ಬಂದು ಎರಡು ಸಲ ಪೆಡಲು ತುಳಿದದ್ದೇ ತಡ, ಅದು ನಿನ್ನೆ ತಾನೇ ನಿಲ್ಲಿಸಿದ ಹಾಗೆ ಹೊರಟಿತು. ಅಪ್ಪ ನೀರಮಾನ್ವಿಗೆ ಹೋಗಿ ಎಲ್ಲಮ್ಮನಿಗೆ ಕಾಯಿ ಒಡೆಸಿಕೊಂಡು ಬಂದ. ಅವ್ವ ಇದೆಲ್ಲ ತುಂಬಿದ ಟ್ಯಾಂಕಿನ ಪುಣ್ಯ ಎಂದಳು. ಆಗ ಅದು ನಿಜವೂ ಆಗಿತ್ತು. ತಗಡಿನ ಟ್ಯಾಂಕು ತುಂಬಿದ್ದರೆ ಒಳಗೆ ತುಕ್ಕು ಹಿಡಿಯುವುದಿಲ್ಲ ಎಂದು ಮಿಸ್ತ್ರಿಗಳೇ ಹೇಳುತ್ತಿದ್ದರು.

ಈಗಿನ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥನಾಲು. ಮರ್ಯಾದಸ್ಥರ ಭಾಷೆಯಲ್ಲಿ ಅದು ಜೈವಿಕ ಇಂಧನ, ನಮ್ಮ ಓಣಿಯ ಭಾಷೆಯಲ್ಲಿ ಸಾರಾಯಿ. ಹಾಲಿನವಳು ಚೊಂಬಿಗೆ ನೀರು ಬೆರೆಸಿದರೆ ನಾವು ಬಾಗಿಲಲ್ಲಿ ನಿಂತು ಜಗಳ ತೆಗೆಯುತ್ತೇವೆ. ದೊಡ್ಡವರು ಬೆರೆಸಿದರೆ ಅದಕ್ಕೆ ಯೋಜನೆ ಎಂದು ಹೆಸರು, ಪಂಪಿನ ಮುಂದೆ ಬಣ್ಣದ ಫಲಕ. ಸ್ಟೇಷನ್ ರಸ್ತೆಯಲ್ಲಿ ಪೊಲೀಸರು ಕುಡಿದು ಓಡಿಸುವವರನ್ನು ಹಿಡಿಯಲು ನಿಂತಿರುತ್ತಾರೆ, ನನ್ನಂಥವಳ ಬಾಯಿಗೂ ಮಷೀನು ಹಿಡಿದು ಊದಿ ಎನ್ನುತ್ತಾರೆ. ಊದಬೇಕಾದದ್ದು ಸ್ಕೂಟರು.

ಇದರಿಂದ ದೇಶಕ್ಕೆ ಒಳ್ಳೆಯದಂತೆ. ಹೊರಗಿನಿಂದ ಎಣ್ಣೆ ತರುವುದು ಕಡಿಮೆಯಾಗುತ್ತದೆ, ಕಬ್ಬು ಮೆಕ್ಕೆಜೋಳ ಬೆಳೆದವರಿಗೂ ಅನುಕೂಲ. ಇದೆಲ್ಲ ನಿಜವೇ ಇರಬೇಕು, ನಾನೇ ತರಗತಿಯಲ್ಲಿ ಹೀಗೆ ಪಾಠ ಮಾಡುತ್ತೇನೆ, ಹಾಗೆ ಬರೆದವರಿಗೆ ಪೂರ್ತಿ ಅಂಕವನ್ನೂ ಕೊಡುತ್ತೇನೆ. ಟಿವಿಯಲ್ಲಿ ಟೈ ಕಟ್ಟಿದವರು ಬಂದು ಇಂಜಿನ್ನಿಗೆ ಏನೂ ಆಗುವುದಿಲ್ಲ ಎನ್ನುತ್ತಾರೆ. ಅವರ ಇಂಜಿನ್ನಿಗೆ ಆಗಿರಲಿಕ್ಕಿಲ್ಲ. ಅವರದು ಹೊಸ ಕಾರು, ದಿನಾ ಓಡುತ್ತದೆ. ನನ್ನ ಸ್ಕೂಟರಿನಂಥ ಮುದುಕಿಯರನ್ನೂ, ವರ್ಷದಲ್ಲಿ ಬಹುಕಾಲ ಮೂಲೆಯಲ್ಲೇ ನಿಲ್ಲುವ ಸಣ್ಣಪುಟ್ಟ ಯಂತ್ರಗಳನ್ನೂ ಸ್ಟುಡಿಯೋಕ್ಕೆ ಯಾರು ಕರೆಯುತ್ತಾರೆ.

ಒಡೆದ ಅಕ್ಕಿಯಿಂದಲೂ ಇದನ್ನು ಮಾಡುತ್ತಾರೆ ಎಂದು ತಿಳಿದ ದಿನ ನನಗೆ ಅವ್ವನೇ ನೆನಪಾದಳು. ಅಪ್ಪ ಗಿರಣಿಯಿಂದ ತರುತ್ತಿದ್ದ ನುಚ್ಚನ್ನು ಅವ್ವ ಮೊರದಲ್ಲಿ ಕೇರುವಾಗ ನೆಲಕ್ಕೆ ಬಿದ್ದ ಒಂದೊಂದು ಕಾಳನ್ನೂ ಒದ್ದೆ ಬೆರಳಿಂದ ಒತ್ತಿ ಎತ್ತುತ್ತಿದ್ದಳು. ತುಳಿದರೆ ಕಣ್ಣಿಗೆ ಒತ್ತಿಕೊಳ್ಳಲು ಹೇಳುತ್ತಿದ್ದಳು. ಆ ನುಚ್ಚು ಈಗ ನನ್ನ ಟ್ಯಾಂಕಿಗೆ ಬರುತ್ತದೆ. ಅನ್ನ ಉಂಡವರು ಮಧ್ಯಾಹ್ನ ತೂಕಡಿಸುತ್ತಾರೆ, ನನ್ನ ಸ್ಕೂಟರು ಬೆಳಿಗ್ಗೆಯೇ ತೂಕಡಿಸುತ್ತದೆ. ಇದರಲ್ಲಿ ಅದರ ತಪ್ಪೇನೂ ಇಲ್ಲ.

ಈ ಎಥನಾಲಿಗೆ ಇನ್ನೊಂದು ವಿದ್ಯೆ ಗೊತ್ತು. ಗಾಳಿಯಿಂದ ನೀರು ಹೀರಿಕೊಳ್ಳುವುದು. ಕೃಷ್ಣೆ ಆ ಕಡೆ, ತುಂಗಭದ್ರೆ ಈ ಕಡೆ, ನಡುವೆ ಕೂತು ನಾವು ರಾಯಚೂರಿನವರು ನಳ ಯಾವಾಗ ಬರುತ್ತದೆ ಎಂದು ಕೊಡ ಸಾಲಾಗಿ ಇಟ್ಟು ಕಾಯುತ್ತೇವೆ. ನಮಗೆ ಸಿಗದ ನೀರು ಪೆಟ್ರೋಲಿಗೆ ಬರಿ ಗಾಳಿಯಲ್ಲೇ ಸಿಗುತ್ತದೆ. ನೀರು ಹೆಚ್ಚಾದ ಮೇಲೆ ಎಥನಾಲು ಅದರ ಜೊತೆಗೂಡಿ ತಳಕ್ಕೆ ಇಳಿಯುತ್ತದೆ, ಪೆಟ್ರೋಲು ಮೇಲೆ ಬೇರೆಯಾಗಿ ನಿಲ್ಲುತ್ತದೆ. ಇಂಜಿನ್ನು ಹೀರುವುದು ತಳದಿಂದ.

ನನ್ನ ಸ್ಕೂಟರಿನ ವಿಷಯ ನಗೆಯಾಡಿ ಮುಗಿಸಬಹುದು. ಅದು ನಿಂತರೆ ಸಿಟಿ ಬಸ್ಸಿದೆ. ಅಕ್ಕನ ಮಷೀನಿನ ವಿಷಯ ಹಾಗಲ್ಲ.

ಅಕ್ಕ ಹುಲಿಗೆಮ್ಮ ನನಗಿಂತ ದೊಡ್ಡವಳು. ಮದುವೆಯಾಗಿ ಹೋದದ್ದು ದೇವದುರ್ಗದ ಆಚೆಯ ಒಂದು ಊರಿಗೆ. ಭಾವ ತೀರಿಕೊಂಡು ಕೆಲವು ವರ್ಷಗಳಾದವು. ಮಗಳು ಭಾಗ್ಯ ರಾಯಚೂರಿನಲ್ಲಿ ನನ್ನ ಮನೆಯಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಊರಲ್ಲಿ ಅಕ್ಕ, ಅವಳ ಅತ್ತೆ, ಒಂದಿಷ್ಟು ಮಳೆ ನಂಬಿದ ಹೊಲ. ಅಕ್ಕನ ಊರಿನ ಹೆಂಗಸರ ಸಂಘಕ್ಕೆ ಸಬ್ಸಿಡಿಯಲ್ಲಿ ಒಂದು ಕಟಾವಿನ ಮಷೀನು ಬಂತು. ಉದ್ದ ಕೋಲು, ಒಂದು ತುದಿಗೆ ಸಣ್ಣ ಪೆಟ್ರೋಲ್ ಇಂಜಿನ್ನು, ಇನ್ನೊಂದು ತುದಿಗೆ ಗುಂಡನೆಯ ಹಲ್ಲಿನ ಬ್ಲೇಡು. ಪಟ್ಟಿಯಿಂದ ಹೆಗಲಿಗೆ ಹಾಕಿಕೊಂಡು ಹೊಲದಲ್ಲಿ ನಡೆದರೆ ತೊಗರಿಯ ಕಟ್ಟಿಗೆಯಂಥ ಗಿಡ ಬುಡದಲ್ಲೇ ಉರುಳುತ್ತದೆ. ಜೊತೆಗೆ ಒಂದು ಚಿತ್ರದ ಹಾಳೆಯೂ ಬಂದಿತ್ತು, ಅದರಲ್ಲಿ ಹೆಲ್ಮೆಟ್ಟು ಬೂಟು ಹಾಕಿದ ಬಿಳಿಯ ಗಂಡಸೊಬ್ಬ ಬಂಗಲೆಯ ಮುಂದೆ ಹುಲ್ಲು ಕತ್ತರಿಸುತ್ತಾ ನಗುತ್ತಿದ್ದ. ತೊಗರಿ ಹೊಲದಲ್ಲಿ ಬಗ್ಗಿ ಬಗ್ಗಿ ಕುಡುಗೋಲು ಎಳೆದವನ ನಗು ಅದಲ್ಲ.

ಅಕ್ಕನ ಬಲಗೈ ಮಣಿಕಟ್ಟು ಕುಡುಗೋಲಿನಿಂದಲೇ ಕೆಟ್ಟದ್ದು. ಲೋಟ ಎತ್ತಿದರೂ ನೋಯುತ್ತದೆ. ಹೀಗಾಗಿ ಮಷೀನು ಹೆಗಲಿಗೆ ಹಾಕಿಕೊಳ್ಳಲು ಉಳಿದವರು ಹೆದರಿ ಹಿಂದೆ ಸರಿದಾಗ ಅವಳೇ ಮುಂದೆ ಬಂದಳು. ಸೀರೆ ಎತ್ತಿ ಕಟ್ಟಿ, ಮೇಲೆ ಭಾವನ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಟವೆಲು ಸುತ್ತಿಕೊಂಡಳು. ದಾಯಾದಿ ಸಂಬಂಧದಲ್ಲಿ ಅವಳಿಗೆ ಮೈದುನನಾಗುವ ಬಸವರಾಜ ಎಂಬವನಿದ್ದಾನೆ, ಟ್ರ್ಯಾಕ್ಟರು ಇಟ್ಟುಕೊಂಡವನು. ಅವನು ಬದುವಿನ ಮೇಲೆ ನಿಂತು, ಅತ್ತಿಗಿ, ಇದು ಸಂಡಿಗಿ ಒತ್ತೂ ಮಷೀನ್ ಅಲ್ಲ ಎಂದನಂತೆ. ಅಕ್ಕ ಮಷೀನು ಚಾಲೂ ಮಾಡಿ ಹೊಲಕ್ಕಿಳಿದಳು. ಸಂಜೆಯ ಹೊತ್ತಿಗೆ ಹೊಲ ಬೋಳಾಗಿತ್ತು, ಅವನೂ ಇರಲಿಲ್ಲ.

ಆ ತೊಗರಿ ಹಂಗಾಮಿನಲ್ಲಿ ಅಕ್ಕನಿಗೆ ಪುರುಸೊತ್ತಿರಲಿಲ್ಲ. ಪಕ್ಕದೂರಿನವರೂ ಫೋನು ಮಾಡಿ ಕರೆಯುತ್ತಿದ್ದರು. ಭಾವ ಹೋದ ಮೇಲೆ ಊರವರ ಬಾಯಲ್ಲಿ ಅವಳು ಗಂಡ ಸತ್ತಾಕಿ ಆಗಿದ್ದಳು, ಅವಳ ಹೆಸರನ್ನೇ ಜನ ಮರೆತಿದ್ದರು. ಈಗ ಮಷೀನ್ ಹುಲಿಗೆಮ್ಮ. ನನಗೆ ಅದನ್ನು ಫೋನಿನಲ್ಲಿ ಹೇಳುವಾಗ ಅವಳು ನಕ್ಕಳು. ಭಾವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ.

ಹಂಗಾಮು ಮುಗಿಯಿತು. ಅಕ್ಕ ಮಷೀನನ್ನು ಒರೆಸಿ, ಎಣ್ಣೆ ಹಚ್ಚಿ, ಇಂಜಿನ್ನಿಗೆ ಅರಿಶಿನ ಕುಂಕುಮ ಇಟ್ಟು, ಟ್ಯಾಂಕು ತುಂಬಿಸಿ ಜೋಳದ ಚೀಲಗಳ ಪಕ್ಕ ನಿಲ್ಲಿಸಿದಳು. ಮಾನ್ವಿಯ ಮನೆಯಲ್ಲಿ ಬೆಳೆದವಳು ಇನ್ನು ಹೇಗೆ ನಿಲ್ಲಿಸುತ್ತಾಳೆ. ಮಳೆಗಾಲದಲ್ಲಿ ಬದುವಿನ ಹುಲ್ಲು ಕತ್ತರಿಸಲು ತೆಗೆದರೆ ಇಂಜಿನ್ನು ಚಾಲೂ ಮಾಡುವ ಹಗ್ಗ ಎಳೆದು ಎಳೆದು ಹೆಗಲು ನೋವು ಬಂತೇ ಹೊರತು ಮಷೀನು ಎದ್ದೇಳಲಿಲ್ಲ. ದೇವದುರ್ಗದ ಅಂಗಡಿಗೆ ಹೊತ್ತೊಯ್ದು ರಿಪೇರಿ ಮಾಡಿಸಿದಳು. ಒಂದಿಷ್ಟು ದಿನ ಓಡಿಸಿ ಮತ್ತೆ ತುಂಬಿಸಿ ಇಟ್ಟಳು. ತೊಗರಿ ಒಣಗಿ ನಿಂತ ಹೊತ್ತಿಗೆ ಸರಿಯಾಗಿ ಅದು ಮತ್ತೆ ಸತ್ತುಬಿದ್ದಿತ್ತು. ಈ ಸಲ ಪೈಪು ಬಿರುಕು ಬಿಟ್ಟಿತ್ತು, ಪೆಟ್ರೋಲು ಪಂಪು ಮಾಡಲು ಒತ್ತುವ ರಬ್ಬರ್ ಗುಳ್ಳೆ ಹಪ್ಪಳದಂತಾಗಿತ್ತು. ಅಂಗಡಿಯವನು ಎಲ್ಲ ಬದಲಿಸಿಕೊಡುವಷ್ಟರಲ್ಲಿ ಅರ್ಧ ಊರು ಕುಡುಗೋಲಿನಿಂದಲೇ ಕೊಯ್ದು ಮುಗಿಸಿತ್ತು.

ಸಂಘದ ಹೆಂಗಸರು ಸಭೆ ಸೇರಿದರು. ಅವರು ಕೆಟ್ಟವರಲ್ಲ, ಮಷೀನು ಅವರದೂ ಹೌದು. ಬಸವರಾಜ ಮೊದಲೇ ಅವರ ಗಂಡಂದಿರ ಕಿವಿ ಊದಿದ್ದ. ಇಂಜಿನ್ನು ಹೆಣ್ಣುಮಕ್ಕಳ ಕೈಗೆ ಒಗ್ಗುವುದಿಲ್ಲ, ನನ್ನ ಹತ್ತಿರ ಇರಲಿ, ನಿಮ್ಮ ಹೊಲ ನಾನೇ ಮಾಡಿಕೊಡುತ್ತೇನೆ ಎಂದಿದ್ದನಂತೆ. ಪೆಟ್ರೋಲಿಗೆ ಗಂಡಿನ ಕೈ ಹೆಣ್ಣಿನ ಕೈ ತಿಳಿಯುತ್ತದೆ ಎಂದು ಆ ಟ್ರ್ಯಾಕ್ಟರ್ ಪಂಡಿತನಿಗೆ ಯಾರು ಕಲಿಸಿದರೋ. ಸಭೆ ಒಂದು ತೀರ್ಮಾನಕ್ಕೆ ಬಂತು. ಈಗ ರಿಪೇರಿಯಾಗಿದೆ, ಇರಲಿ. ಬರುವ ಮಳೆಗಾಲದಲ್ಲಿ ತೆಗೆದಾಗ ಮತ್ತೆ ಕೈ ಕೊಟ್ಟರೆ ಮಷೀನು ಬಸವರಾಜನ ಮನೆಗೆ.

ಸಂಕ್ರಾಂತಿ ರಜೆಗೆ ಭಾಗ್ಯ ಮತ್ತು ನಾನು ದೇವದುರ್ಗದ ಬಸ್ಸು ಹತ್ತಿದಾಗ ನನ್ನ ಬಾಯಲ್ಲಿ ಮಿಸ್ತ್ರಿಯ ಉಪದೇಶ ಸಿದ್ಧವಾಗಿತ್ತು. ಕಲ್ಮಲ ದಾಟುವವರೆಗೂ ಭಾಗ್ಯಳಿಗೆ ಎಥನಾಲಿನ ಮೇಲೆ ಭಾಷಣ ಮಾಡಿದೆ. ಆಮೇಲೆ ಅವಳು ನಿದ್ದೆ ಹೋದಳು. ನನ್ನ ತರಗತಿಯವರೂ ಹೀಗೆಯೇ, ನನಗೆ ಅಭ್ಯಾಸವಾಗಿದೆ.

ನಾವು ಹೋದಾಗ ಅಕ್ಕ ಅಂಗಳದಲ್ಲಿ ಮಷೀನಿಗೆ ಕುಂಕುಮ ಇಟ್ಟು, ಕ್ಯಾನಿನಿಂದ ಟ್ಯಾಂಕಿಗೆ ಪೆಟ್ರೋಲು ಹಾಕಲು ಮುಚ್ಚಳ ತೆಗೆಯುತ್ತಿದ್ದಳು. ಅತ್ತೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಚೀಲ ಅಲ್ಲೇ ಹಾಕಿ ಅಕ್ಕನ ಕೈ ಹಿಡಿದುಕೊಂಡೆ. ಹಾಕಬೇಡ, ಒಳಗಿರುವುದನ್ನೂ ಚೆಲ್ಲು, ಖಾಲಿ ಮಾಡಿ ಇಡು ಎಂದೆ. ಅಕ್ಕ ತಲೆ ಎತ್ತದೆ, ಬರಿದು ಇಡಂಗಿಲ್ಲ ಎಂದಳು. ನನ್ನ ನಾಲಿಗೆ ನಿಮಗೆ ಗೊತ್ತೇ ಇದೆ. ಲಕ್ಷ್ಮಿ ಬಂದು ಟ್ಯಾಂಕಿನಲ್ಲಿ ಕೂತಿರುತ್ತಾಳೇನು, ಪಾಪ, ಆಕೆಗೂ ವಾಸನೆ ಬರುವುದಿಲ್ಲವೇ ಎಂದೆ. ಮೂಲೆಯಲ್ಲಿ ಮಳೆಗಾಲದಿಂದ ಉಳಿದ ಪೆಟ್ರೋಲು ಇನ್ನೊಂದು ಕ್ಯಾನಿನಲ್ಲಿತ್ತು. ಅದನ್ನು ಒಂದು ಗಾಜಿನ ಸೀಸೆಗೆ ಸುರಿದು, ಸ್ವಲ್ಪ ಹೊತ್ತು ಬಿಟ್ಟು, ಬಿಸಿಲಿಗೆ ಹಿಡಿದು ತೋರಿಸಿದೆ. ಮೇಲೆ ಒಂದು ಬಣ್ಣ, ತಳದಲ್ಲಿ ಮಂಕಾದ ಇನ್ನೊಂದು ಪದರ. ಕಪ್ಪುಹಲಗೆಯ ಮುಂದೆ ನಿಂತ ಹಾಗೆಯೇ ನಿಂತು ಇಡೀ ಪಾಠ ಒಪ್ಪಿಸಿದೆ.

ಅಕ್ಕ ಪೂರ್ತಿ ಕೇಳಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು.

"ನನಗ ಗೊತ್ತದ. ದೇವದುರ್ಗದ ಅಂಗಡಿಯಾವ ಹ್ವಾದ ಸಲಾನ ಹೇಳ್ಯಾನ."

ಗೊತ್ತಿದ್ದೂ ಯಾಕೆ ತುಂಬಿಸುತ್ತೀ, ಮಷೀನು ಆ ಬಸವರಾಜನ ಪಾಲಾಗಲಿ ಅಂತಲೇ ಎಂದು ಕೇಳಿದೆ.

"ಹ್ವಾದ್ರ ಹೋಗ್ಲಿ," ಎಂದಳು ಅಕ್ಕ. "ನನಗ ಭಾಗ್ಯ ಅದಾಳ. ಈಕಿ ಒಬ್ಬಾಕಿ ಉಳದಾಳ."

ಆಗ ನನಗೆ ಆ ದಿನ ನೆನಪಾಯಿತು. ಭಾವ ಹೊಲದಲ್ಲಿ ಎದೆ ಹಿಡಿದುಕೊಂಡು ಕುಸಿದ ದಿನ. ನಾನು ರಾಯಚೂರಿನಿಂದ ಓಡಿ ಬಂದು ತಲುಪಿದಾಗ ಅವರನ್ನು ಒಳಗೆ ತಂದು ಮಲಗಿಸಿದ್ದರು. ಯಾರೋ ನೀರು ಕೇಳಿದರು. ಅಡುಗೆಮನೆಗೆ ಹೋದವರು ಕೊಡ ಬಗ್ಗಿಸಿ ನೋಡಿದರು, ಹನಿ ನೀರಿರಲಿಲ್ಲ. ಬೆಳಗಿನಿಂದ ಅಕ್ಕ ಹತ್ತಿ ಬಿಡಿಸಲು ಹೋಗಿದ್ದಳು, ನೀರು ತುಂಬಲು ಹೊತ್ತಾಗಿರಲಿಲ್ಲ, ಅಷ್ಟೇ. ಆದರೆ ಅತ್ತೆ, ಮಗನ ತಲೆ ತೊಡೆಯ ಮೇಲೆ ಇಟ್ಟುಕೊಂಡು, ನೆರೆದ ಊರಿನ ಎದುರಿಗೆ ಹೇಳಿಬಿಟ್ಟರು, ಮನೆಯಲ್ಲಿ ಕೊಡ ಬರಿದು ಇಟ್ಟು ಹೋಗಿದ್ದಳು, ನನ್ನ ಮಗ ಉಳಿಯುವುದು ಹೇಗೆ ಎಂದು. ದುಃಖದಲ್ಲಿ ಆಡಿದ ಮಾತು. ಆಮೇಲೆ ಆ ಮನೆಯಲ್ಲಿ ಅದನ್ನು ಯಾರೂ ಎತ್ತಲಿಲ್ಲ. ಅತ್ತೆ ಸೊಸೆ ಒಂದೇ ಒಲೆಯಲ್ಲಿ ಅಡುಗೆ ಮಾಡಿ ಒಟ್ಟಿಗೆ ಉಂಡರು, ಒಬ್ಬರ ಜ್ವರಕ್ಕೆ ಒಬ್ಬರು ಕೂತರು. ನಾನು ಅದು ಮುಗಿದ ಮಾತು ಎಂದುಕೊಂಡಿದ್ದೆ. ಅಕ್ಕ ಈ ವರ್ಷಗಳಲ್ಲೆಲ್ಲ ಆ ಮನೆಯ ಒಂದು ಲೋಟವನ್ನೂ ಬರಿದು ಇಟ್ಟಿರಲಿಲ್ಲ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಪೆಟ್ರೋಲಿನ ಎರಡು ಪದರ ಕಂಡುಹಿಡಿದವಳಿಗೆ ಸ್ವಂತ ಅಕ್ಕನ ಒಳಗಿನದು ಕಂಡಿರಲಿಲ್ಲ. ಸೀಸೆ ಹಿಡಿದು ನಿಂತ ನನಗೆ ಬಹಳ ನಾಚಿಕೆಯಾಯಿತು.

ಅತ್ತೆಯ ಕೈಯಲ್ಲಿ ಅವರೆಕಾಯಿ ಹಾಗೆಯೇ ನಿಂತಿತ್ತು. ಅವರಿಗೆ ಕಿವಿ ಮಂದ, ಎಷ್ಟು ಕೇಳಿಸಿತೋ ಗೊತ್ತಿಲ್ಲ. ಮೊರ ಪಕ್ಕಕ್ಕೆ ಇಟ್ಟು, ಮೊಳಕಾಲಿಗೆ ಕೈ ಊರಿ ಎದ್ದು, ನಿಧಾನ ಮೆಟ್ಟಿಲಿಳಿದು ಬಂದರು. ಬಂದವರೇ ಅಕ್ಕನ ಕೈಯಿಂದ ಕ್ಯಾನು ತೆಗೆದು ಕೆಳಗಿಟ್ಟರು. ಮಷೀನಿನ ಕೋಲನ್ನು ಹಿಡಿದುಕೊಂಡರು.

"ನೀ ಸರಿ ಆಚಿಗೆ. ಮಗಳನ್ನ ಕರಕೊಂಡು ಒಳಗ ಹೋಗು. ಬರಿದು ಮಾಡೂದು ನನ್ನ ಕೈಲೆ ಆಗ್ಲಿ. ಬರೂದು ನನ್ನ ಮ್ಯಾಲೆ ಬರ್ಲಿ."

ಅಕ್ಕ ಸರಿಯಲಿಲ್ಲ. ಮುದುಕಿ ಎತ್ತಲು ನೋಡಿದರು, ಆಗಲಿಲ್ಲ. ಅಕ್ಕ ಬಗ್ಗಿ ಇಂಜಿನ್ನಿನ ಕಡೆ ಹಿಡಿದಳು. ಅತ್ತೆ ಬಿಡು ಎಂದು ಕೈ ತಳ್ಳಿದರು. ಅಕ್ಕ ಬಿಡಲಿಲ್ಲ.

"ನಿಮಗ ಏನರ ಆದ್ರ ನಾ ಯಾರ ಕೂಡ ಕುಂತು ಉಣ್ಲಿ, ಅತ್ತಿ," ಎಂದಳು.

ಇಬ್ಬರೂ ಹಿಡಿದು ವಾಲಿಸಿದರು. ನಾನು ಖಾಲಿ ಡಬ್ಬಿ ಒಡ್ಡಿದೆ. ಪೆಟ್ರೋಲು ಗಳಗಳ ಸುರಿದು, ಸಣ್ಣ ಎಳೆಯಾಗಿ, ಹನಿಯಾಗಿ ನಿಂತಿತು. ಟ್ಯಾಂಕು ಬರಿದಾದರೂ ಕಾರ್ಬ್ಯುರೇಟರಿನಲ್ಲಿ ಸ್ವಲ್ಪ ಉಳಿದಿರುತ್ತದೆ, ಅದನ್ನೂ ಸುಟ್ಟು ಮುಗಿಸಬೇಕು ಎಂದು ಮಿಸ್ತ್ರಿ ಹೇಳಿದ್ದ. ಹೇಳುವುದೋ ಬೇಡವೋ ಎಂದು ಅನುಮಾನಿಸುತ್ತಲೇ ಹೇಳಿದೆ. ಅಕ್ಕ ಹಗ್ಗ ಎಳೆದಳು. ಇಂಜಿನ್ನು ಹೊತ್ತಿಕೊಂಡು ಸ್ವಲ್ಪ ಹೊತ್ತು ಚೆನ್ನಾಗಿಯೇ ಗುರುಗುಟ್ಟಿತು. ಆಮೇಲೆ ದನಿ ತೆಳ್ಳಗಾಯಿತು, ತಡವರಿಸಿತು, ಒಮ್ಮೆ ಜೋರಾಗಿ ಎದ್ದು ನಿಂತೇಹೋಯಿತು. ಅಕ್ಕ ಥಟ್ಟನೆ ಭಾಗ್ಯಳ ಕಡೆ ತಿರುಗಿದಳು. ಭಾಗ್ಯ ಮೊರದ ಹತ್ತಿರ ಕೂತು ಹಸಿ ಅವರೆಕಾಳು ಬಾಯಿಗೆ ಹಾಕಿಕೊಳ್ಳುತ್ತಾ, ಅವ್ವಾ, ಹಸಿವಾಗ್ಯದ ಎಂದಳು. ಅತ್ತೆಯ ಕೈ ಇನ್ನೂ ಕೋಲಿನ ಮೇಲೇ ಇತ್ತು.

ಮಳೆ ಬಿದ್ದ ಮೇಲೆ ಅಕ್ಕ ಅಂದೇ ತಂದ ಪೆಟ್ರೋಲು ಹಾಕಿ ಹಗ್ಗ ಎಳೆದಾಗ ಮಷೀನು ಸುಲಭವಾಗಿ ಎದ್ದಿತು. ಸಂಘದವರೂ ಬಂದು ನಿಂತಿದ್ದರು, ಬಸವರಾಜನೂ ನಿಂತಿದ್ದ. ಈ ಸಲ ಪಂಪಿಗೆ ಪೆಟ್ರೋಲು ಛಲೋ ಬಂದಿದೆ ಎಂದು ಎಲ್ಲರಿಗೂ ತಿಳಿಸಿ ಅವನು ಟ್ರ್ಯಾಕ್ಟರು ಹತ್ತಿ ಹೋದನಂತೆ. ಇಂಥ ವಿದ್ವಾಂಸರು ಇರುವತನಕ ಟಿವಿಯವರಿಗೆ ಜನರ ಕೊರತೆಯಾಗುವುದಿಲ್ಲ. ಅಕ್ಕನಿಗೆ ಅವನ ಕಡೆ ನೋಡಲು ಪುರುಸೊತ್ತಿರಲಿಲ್ಲ. ಬದುವಿನ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು.

ಕೆಲಸ ಮುಗಿದು ಮಷೀನು ಒಳಗಿಡುವ ದಿನ ಅಕ್ಕ ಈಗಲೂ ಒಬ್ಬಳೇ ಟ್ಯಾಂಕಿನ ಮುಚ್ಚಳ ತೆಗೆಯುವುದಿಲ್ಲ. ಅತ್ತೀ, ಬರ್ರಿ ಎಂದು ಕೂಗುತ್ತಾಳೆ. ಮುದುಕಿ ಯಾವ ಕೆಲಸದಲ್ಲಿದ್ದರೂ ಬಿಟ್ಟು, ಮೆಟ್ಟಿಲಿಳಿದು, ನಿಧಾನ ಬರುತ್ತಾರೆ. ಇಬ್ಬರೂ ಸೇರಿ ಹಿಡಿದು ಬರಿದು ಮಾಡುತ್ತಾರೆ. ಒಬ್ಬರೇ ಹಿಡಿಯಲು ಇನ್ನೊಬ್ಬರು ಬಿಡುವುದಿಲ್ಲ.